ಅಪ್ಪ, 1944ರ ಮಾಡೆಲ್: ಚಾರ್ಜ್ ತಗೊಳ್ಳುವವರಿಗೆ ಕೈಪಿಡಿ

ಉಪಯೋಗಿಸುವ ಮುನ್ನ ಪೂರ್ತಿ ಓದಿಕೊಳ್ಳತಕ್ಕದ್ದು. ನೀನು ಓದುವ ಪೈಕಿ ಅಲ್ಲ ಅಂತ ಗೊತ್ತು. ಮನೆಗೆ ಮೊದಲ ಮಿಕ್ಸಿ ಬಂದ ದಿನ, ಜೊತೆಗಿದ್ದ ಪುಸ್ತಕವನ್ನು ಪಕ್ಕಕ್ಕೆಸೆದು, ಅರಿಶಿನದ ಕೊಂಬು ಹಾಕಿ ತಿರುಗಿಸಿ ಮೋಟಾರು ಸುಟ್ಟವನು ನೀನು. ಆ ಮಿಕ್ಸಿಗಾದರೂ ಒಂದು ವರ್ಷದ ಗ್ಯಾರಂಟಿ ಇತ್ತು.

ನನ್ನ ಗರ್ಭಕೋಶದ ಆಪರೇಷನ್ನಿಗೆ ದಿನ ಗೊತ್ತಾಗಿದೆ. ಆಮೇಲೆ ತುಂಬಿದ ಕೊಡವನ್ನೂ ಎತ್ತಬಾರದು ಅಂದಿದ್ದಾರೆ ಡಾಕ್ಟರು. ಕೊಡದ ಮಾತು ಬಿಡು, ಮಂಡಿ ಹಿಡಿದುಕೊಂಡಾಗ ಕಮೋಡಿನ ಮೇಲಿಂದ ಕೈ ಚಾಚುವ 62 ಕೆಜಿ ಅಪ್ಪನನ್ನು ಎಬ್ಬಿಸುವವರು ಯಾರು? 'ಹದಿನೈದು ದಿನ ನಾನು ಬಂದು ನೋಡ್ಕೋತೀನಿ ಅಕ್ಕ, ಲ್ಯಾಪ್‌ಟಾಪ್ ತರ್ತೀನಿ, ಅಲ್ಲಿಂದಲೇ ಕೆಲಸ ಮಾಡಿದ್ರಾಯ್ತು' ಅಂದೆ ನೀನು. ಹೊಲಿಗೆ ಬೀಳುವ ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಆಮೇಲಾಗಿದ್ದರೆ ನಗುವ ಹಾಗಿರಲಿಲ್ಲ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್. 1966ರಲ್ಲಿ ಸೇರಿ, 2004ರಲ್ಲಿ ಹಾರ ಹಾಕಿಸಿಕೊಂಡು ಹೊರಬಂದವರು. 'ಶಿಫ್ಟ್ ಮುಗೀತು ಅಂತ ಕೈ ಒರೆಸ್ಕೊಂಡು ಹೊರಡೋದಲ್ಲ. ರಿಲೀವರ್ ಬಂದು ಲಾಗ್ ಬುಕ್ಕಿಗೆ ಸೈನ್ ಹಾಕಬೇಕು. ಅಲ್ಲೀತನಕ ಮೆಷಿನ್ ನಿಂದೇ' ಅಂತ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರಲ್ಲ? ಅದೇ ಪದ್ಧತಿಯಲ್ಲಿ, ಅವರದೇ ಹಳೇ ಡೈರಿಯ ಖಾಲಿ ಹಾಳೆಗಳಲ್ಲಿ ಬರೆದಿದ್ದೇನೆ. ಕೊನೆಯಲ್ಲಿ ಸಹಿಗೆ ಜಾಗ ಬಿಟ್ಟಿದ್ದೇನೆ.

ಯಂತ್ರದ ಪರಿಚಯ

ಹೊರಗಿನಿಂದ ನೋಡಿದರೆ ಒಂದು ಗೀರೂ ಕಾಣುವುದಿಲ್ಲ. ಬಿಪಿ ನಿನ್ನದಕ್ಕಿಂತ ಚೆನ್ನಾಗಿದೆ. ಹಲ್ಲು ನಾಲ್ಕು ಹೋಗಿವೆ, ಕಿವಿ ಎಡಗಡೆಯದು ಮಂದ. ಹಾಗಾಗಿ ಬಲಗಡೆ ನಿಂತು, ಮುಖ ಕಾಣುವಂತೆ, ಒಂದು ಸಲಕ್ಕೆ ಒಂದೇ ಮಾತು. 'ಸ್ನಾನ ಮಾಡಿ ತಿಂಡಿ ತಿಂದು ಮಾತ್ರೆ ತಗೊಂಡು ಕೂತ್ಕೊಳ್ಳಿ' ಎಂದು ನೀನು ಹೇಳಿದರೆ ಕೊನೆಯದು ಮಾತ್ರ ಆಗುತ್ತದೆ; ಕೂತುಕೊಳ್ಳುತ್ತಾರೆ.

ಕೆಟ್ಟಿರುವುದು ಒಳಗಿನ ಲಾಗ್ ಬುಕ್ಕು. ಮಿದುಳಿನಲ್ಲಿ ಹಿಪೊಕ್ಯಾಂಪಸ್ ಅಂತ ಒಂದು ಭಾಗ. ಇವತ್ತು ಏನಾಯಿತೆಂದು ಬರೆದಿಡುವ ಗುಮಾಸ್ತ ಅಂದುಕೋ. ಅಲ್ಜೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದೇ ಇವನನ್ನು. ಅವನು ಬರೆಯುವುದು ನಿಲ್ಲಿಸಿದ್ದಾನೆ, ಹಳೇ ಪುಟಗಳು ಸದ್ಯಕ್ಕೆ ಹಾಗೇ ಇವೆ. ಬೆಳಿಗ್ಗೆ ತಿಂದ ಕಡುಬು ಹತ್ತು ನಿಮಿಷಕ್ಕೆ ಅಳಿಸಿಹೋಗುತ್ತದೆ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟಿನಲ್ಲಿ ಮೊದಲು ಸೊನ್ನೆ, ಆಮೇಲೆ 137 ಹೊಡೆದದ್ದು ಮಾತ್ರ ಅಳಿಸುವುದಿಲ್ಲ. ಆ ಸೊನ್ನೆಯನ್ನು ಹೇಳುವಾಗ ಈಗಲೂ ಮುಖ ಸಣ್ಣದಾಗುತ್ತದೆ, ಆಮೇಲೆ 137 ಅಂದು ತೊಡೆ ತಟ್ಟುತ್ತಾರೆ. ದಿನಕ್ಕೆ ನಾಲ್ಕು ಸಲ. ನಾಲ್ಕು ಸಲವೂ ನಿನಗೆ ಆಶ್ಚರ್ಯವಾಗಬೇಕು.

ಡಾಕ್ಟರು ಪರೀಕ್ಷೆ ಮಾಡುವಾಗ 'ಈಗ ಪ್ರಧಾನಿ ಯಾರು ಯಜಮಾನ್ರೇ?' ಅಂದರು. ಅಪ್ಪನಿಗೆ ಹೆಸರು ಹೊಳೆಯಲಿಲ್ಲ. ಒಂದು ಕ್ಷಣ ಸುಮ್ಮನಿದ್ದು, 'ಯಾರಾದ್ರೇನು ಡಾಕ್ಟ್ರೇ, ನಮಗೆ ಬೋನಸ್ ಕೊಡಲ್ಲ' ಅಂದರು. ಡಾಕ್ಟರು ನಕ್ಕು ಅಂಕ ಕೊಡದೆ ಮುಂದಕ್ಕೆ ಹೋದರು. ನನಗೆ ಕೇಳಿದರೆ ಪೂರ್ತಿ ಅಂಕ ಕೊಡಬೇಕಿತ್ತು.

ಡಿಮೆನ್ಷಿಯಾ ಅನ್ನುವುದು ಜ್ವರ ಅಂದ ಹಾಗೆ, ಹಲವು ಕಾರಣಗಳಿಗೆ ಒಂದು ಹೆಸರು. ಅವುಗಳಲ್ಲಿ ಅಲ್ಜೈಮರೇ ಹೆಚ್ಚು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಗಂಡ ಕರೆತಂದು ಸೇರಿಸಿದ ಹೆಂಗಸನ್ನು ಅಲೋಯಿಸ್ ಅಲ್ಜೈಮರ್ ಎಂಬ ಡಾಕ್ಟರು ನೋಡಿದರು. ಆಕೆಗೆ ಆಗ 51. ಆಕೆ ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1906ರಲ್ಲಿ ವರದಿ ಮಾಡಿದರು. ಕಾಯಿಲೆಗೆ ಡಾಕ್ಟರ ಹೆಸರು ಬಂತು. ಅಲ್ಲಿಗೆ ಕರೆತರುವ ತನಕ ಮನೆಯಲ್ಲಿ ಆ ಗಂಡ ಎಷ್ಟು ರಾತ್ರಿ ನಿದ್ದೆಗೆಟ್ಟನೋ, ಅವನ ಹೆಸರು ಯಾವ ಕಾಯಿಲೆಗೂ ಬರಲಿಲ್ಲ.

2023ರಲ್ಲಿ ಹೊರಬಂದ ದೇಶದ ಲೆಕ್ಕದ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಷಿಯಾ ಇದೆ, ಅಂದರೆ ಸುಮಾರು 88 ಲಕ್ಷ ಜನ. ನಮ್ಮ ಬೀದಿಯಲ್ಲೇ ಇನ್ನಿಬ್ಬರಿದ್ದಾರೆ, ಅವರ ಮನೆಯವರು 'ವಯಸ್ಸಾಯ್ತಲ್ಲ' ಅನ್ನುತ್ತಾರೆ. ನಾವೂ ಅಂದೆವು. ಅರವತ್ತಕ್ಕೆ ಅರಳು ಮರಳು ಅನ್ನುವ ಗಾದೆ ನಮ್ಮ ಎರಡು ವರ್ಷ ತಿಂದಿತು. ಅದಕ್ಕಿಂತ ಹೆಚ್ಚು ಮುಚ್ಚಿಟ್ಟವಳು ಅಮ್ಮ. ಭದ್ರಾವತಿಯ ನ್ಯೂಟೌನಿನ ಮನೆಯಲ್ಲಿ ಅಪ್ಪ ಮಾತಿನ ನಡುವೆ ತಡವರಿಸಿದರೆ ಅಮ್ಮ ಒಳಗಿನಿಂದಲೇ ಹೆಸರು ಹೇಳಿಬಿಡುತ್ತಿದ್ದಳು. ಪೆನ್ಷನ್ ಪುಸ್ತಕ ಎಲ್ಲಿದೆ, ಹಾಲಿನವನಿಗೆ ಎಷ್ಟು ಕೊಡಬೇಕು, ನಿನ್ನ ಮಗಳ ಹೆಸರೇನು. 2019ರಲ್ಲಿ ಅಮ್ಮ ಹೋದ ಮೇಲೆ ಗೊತ್ತಾಯಿತು, ಅಪ್ಪನ ಅರ್ಧ ನೆನಪು ಅವಳ ಸೆರಗಿನ ಗಂಟಿನಲ್ಲಿತ್ತು.

ಚಾಲೂ ಆಗುವ ವಿಧಾನ

ಬೆಳಗಿನ ಜಾವ ನಾಲ್ಕೂವರೆಗೆ ತಾನಾಗಿಯೇ ಚಾಲೂ ಆಗುತ್ತದೆ. ಸ್ವಿಚ್ ಹುಡುಕಬೇಡ.

ನೀನು ಎದ್ದು ಬರುವಷ್ಟರಲ್ಲಿ ಅಪ್ಪ ಬಾಗಿಲ ಹತ್ತಿರ ಇರುತ್ತಾರೆ. ಪಂಚೆಯ ಮೇಲೆ ಪ್ಯಾಂಟು, ಶರಟಿನ ಮೇಲೆ ಶರಟು, ಕೈಯಲ್ಲಿ ಖಾಲಿ ಟಿಫಿನ್ ಕ್ಯಾರಿಯರ್. ಗುಂಡಿಗಳು ಒಂದು ಮನೆ ತಪ್ಪಿರುತ್ತವೆ. 'ಪುಟ್ಟಿ, ಸೈರನ್ ಆಯ್ತು, ಬೀಗ ತೆಗಿ. ಆರಕ್ಕೆ ಗೇಟಿನೊಳಗೆ ಇರಬೇಕು.' ಶಿವಮೊಗ್ಗದ ವಿನೋಬನಗರದಲ್ಲಿ ಆ ಹೊತ್ತಿಗೆ ಕೂಗುವುದು ಪಕ್ಕದ ಮನೆಯ ಕೋಳಿ. ಅದು ಬೇರೆ ವಿಷಯ.

ತಪ್ಪು ವಿಧಾನ ಹೀಗಿದೆ. 'ಅಪ್ಪ, ನೀವು ರಿಟೈರ್ ಆಗಿ ಎಷ್ಟು ವರ್ಷ ಆಯ್ತು, ಮಲಕ್ಕೊಳ್ಳಿ.' ಆರು ತಿಂಗಳು ನಾನು ಮಾಡಿದ್ದು ಇದನ್ನೇ. ಬೀಳ್ಕೊಡುಗೆಯ ಫೋಟೋ ತಂದು ತೋರಿಸುತ್ತಿದ್ದೆ. ಹಾರ ಹಾಕಿಕೊಂಡು ನಿಂತ ತಮ್ಮನ್ನೇ ಅಪ್ಪ ದಿಟ್ಟಿಸಿ ನೋಡುವರು. 'ನನಗೆ ಯಾರೂ ಹೇಳಲೇ ಇಲ್ಲವಲ್ಲ' ಅನ್ನುವರು. ಟಿಫಿನ್ ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಬೆಳಕು ಹರಿಯುವ ತನಕ ಕೂತಿರುವರು. ಮಾರನೇ ದಿನ ನಾಲ್ಕೂವರೆಗೆ ಮತ್ತೆ. ಲೆಕ್ಕ ಹಾಕಿದರೆ ಒಬ್ಬ ಮನುಷ್ಯನನ್ನು ನೂರೆಂಬತ್ತು ಸಲ ಕೆಲಸದಿಂದ ತೆಗೆದಿದ್ದೇನೆ. ಯಾವ ಮ್ಯಾನೇಜ್‌ಮೆಂಟೂ ಅಷ್ಟು ಮಾಡಿರಲಿಕ್ಕಿಲ್ಲ.

ಸರಿಯಾದ ವಿಧಾನ: 'ಅಪ್ಪ, ಇವತ್ತು ನಿಮ್ಮದು ಸೆಕೆಂಡ್ ಶಿಫ್ಟ್. ಬದಲಾಯಿಸಿದ್ದಾರಂತೆ.'

'ಯಾರು ಹೇಳಿದ್ದು?'

'ಟೈಮ್ ಆಫೀಸಿಂದ ಹೇಳಿ ಕಳಿಸಿದ್ರು.'

'ಮೊದಲೇ ಹೇಳಬಾರದಾ? ಇನ್ನೊಂದು ಗಂಟೆ ಮಲಗ್ತಿದ್ದೆ.'

ಇಷ್ಟೇ. ಮಧ್ಯಾಹ್ನ ಎರಡಕ್ಕೆ ಮತ್ತೆ ಕೇಳಿದರೆ 'ಇವತ್ತು ವೀಕ್ಲಿ ಆಫ್' ಅನ್ನು. ಎಚ್ಚರಿಕೆ: ಯಾವ ಕಾರಣಕ್ಕೂ 'ಸ್ಟ್ರೈಕ್' ಅನ್ನಬೇಡ. ಒಮ್ಮೆ ಬಾಯಿತಪ್ಪಿ ಅಂದೆ. ಸ್ಟ್ರೈಕಾದರೆ ಗೇಟಿಗೆ ಹೋಗಲೇಬೇಕು ಅಂತ ಹಿಡಿದ ಹಠ ಮೂರು ದಿನ ಇಳಿಯಲಿಲ್ಲ.

ಪೇಪರನ್ನು ಮೊದಲು ನೀನು ಓದು, ಆಮೇಲೆ ಕೊಡು. ಭದ್ರಾವತಿಯ ಸುದ್ದಿ ಇದ್ದ ಪುಟ ಇದ್ದರೆ ತೆಗೆದುಬಿಡು. 1923ರಲ್ಲಿ ಶುರುವಾದ ಕಾರ್ಖಾನೆಗೆ ನೂರು ತುಂಬುವ ವರ್ಷದಲ್ಲೇ, 2023ರ ಜನವರಿಯಲ್ಲಿ, ಮುಚ್ಚುವ ತೀರ್ಮಾನ ಬಂತಲ್ಲ, ಆ ಹೆಡ್ಡಿಂಗ್ ಅಪ್ಪನ ಕೈಗೆ ಸಿಕ್ಕಿತು. ಓದಿದರು, ಬೆವರಿದರು, ಪುಟ ತಿರುಗಿಸಿದರು. ಮತ್ತೆ ಮೊದಲ ಪುಟಕ್ಕೆ ಬಂದಾಗ ಅದೇ ಹೆಡ್ಡಿಂಗ್ ಹೊಸದಾಗಿ ಕಂಡಿತು. ಒಂದೇ ಬೆಳಿಗ್ಗೆ ಐದು ಸಲ ಕಾರ್ಖಾನೆ ಮುಚ್ಚಿತು. ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ಓಡಿತು ಅಂದಾಗ ಆ ಪೇಪರನ್ನು ಬೇಕೆಂದೇ ಮೇಜಿನ ಮೇಲಿಟ್ಟೆ. ಅವತ್ತು ಓದಲಿಲ್ಲ, ಅದರಲ್ಲಿ ಮಂಡಕ್ಕಿ ಸುರಿದುಕೊಂಡು ತಿಂದರು.

ತೊಳೆಯುವುದು

ಸ್ನಾನ ಅಂದರೆ 'ಆಗಲೇ ಆಯ್ತು' ಅನ್ನುತ್ತಾರೆ. ವಾದಕ್ಕಿಳಿಯಬೇಡ. 'ಅಪ್ಪ, ಶಿಫ್ಟ್ ಮುಗಿಸಿ ಬಂದಿದ್ದೀರಿ, ಕೈ ನೋಡಿ, ಎಲ್ಲ ಮಸಿ' ಅಂದರೆ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ. ಮಸಿ ಇರುವುದಿಲ್ಲ. ಆದರೂ ಎದ್ದು ಬರುತ್ತಾರೆ, ಯಾಕೆಂದರೆ ಆ ಕೈಗೆ ಮಸಿ ಇಲ್ಲದ ದಿನ ಗೊತ್ತಿಲ್ಲ. ಷವರ್ ಹಾಕಬೇಡ, ತಲೆ ಮೇಲಿಂದ ನೀರು ಬಿದ್ದರೆ ಹೆದರುತ್ತಾರೆ. ಬಕೆಟ್ಟಿಗೆ ಬಿಸಿನೀರು ಬೆರೆಸಿ ಚೊಂಬು ಅವರ ಕೈಗೇ ಕೊಡು. ಮೊದಲ ಚೊಂಬು ಕಾಲಿಗೆ. ಟವಲನ್ನು ಹೆಗಲ ಮೇಲೆ ಹೊದಿಸಿಯೇ ಉಜ್ಜು. ಮರೆತದ್ದು ಎಷ್ಟೋ ಇರಬಹುದು, ನಾಚಿಕೆ ಮರೆತಿಲ್ಲ. ಮಗಳ ಎದುರು ಬೆತ್ತಲೆ ನಿಲ್ಲಬೇಕಾದ ದಿನ ಅಪ್ಪ ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ. ನೀನು ಗಂಡು ಮಗ, ಈ ಒಂದು ಕೆಲಸ ನಿನ್ನಿಂದ ನನಗಿಂತ ಸಲೀಸಾದೀತು.

ಬಚ್ಚಲ ಕನ್ನಡಿಗೆ ಟವಲು ಹಾಕಿದ್ದೇನೆ, ತೆಗೆಯಬೇಡ. ಒಳಗೊಬ್ಬ ಮುದುಕ ಸೇರಿಕೊಂಡಿದ್ದಾನೆ ಅಂತ ಗಲಾಟೆಯಾಗಿತ್ತು. ಹಜಾರದ ಕನ್ನಡಿಯಲ್ಲಿರುವ ಮುದುಕನ ಜೊತೆ ಮಾತ್ರ ಹೇಗೋ ಸ್ನೇಹ ಬೆಳೆದಿದೆ. ಅವನಿಗೂ ಕಾಫಿ ಕೊಡು ಅನ್ನುತ್ತಾರೆ. ಎರಡು ಲೋಟ ಇಡು, ಎರಡನ್ನೂ ಅವರೇ ಕುಡಿಯುತ್ತಾರೆ.

ಇಂಧನ

ಮೆತ್ತಗಿನದು, ಬಿಸಿ ಆರಿದ್ದು, ಒಂದು ತಟ್ಟೆಯಲ್ಲಿ ಒಂದೇ ಪದಾರ್ಥ. ನೀರು ಕೇಳುವುದಿಲ್ಲ, ನೀನೇ ಗಂಟೆಗೊಮ್ಮೆ ಕೊಡಬೇಕು, ಮಜ್ಜಿಗೆಯಾದರೆ ತಕರಾರಿಲ್ಲ. ಒಂದೆಲಗದ ತಂಬುಳಿ ಮಾಡು ಅಂತ ಇಡೀ ಮಲೆನಾಡು ನನಗೆ ಹೇಳಿಯಾಗಿದೆ. ಮಾಡು, ಅನ್ನಕ್ಕೆ ಬಹಳ ರುಚಿ. ಅದನ್ನು ತಿಂದು ಗುಮಾಸ್ತ ಕೆಲಸಕ್ಕೆ ವಾಪಸ್ ಬರುತ್ತಾನೆ ಅಂತ ಕಾಯಬೇಡ.

ಬೆಂಕಿ

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕುಲುಮೆಯ ಬಾಯಲ್ಲಿ ಆಯುಸ್ಸು ಕಳೆದವರಿಗೆ ಬೆಂಕಿಯ ಬಗ್ಗೆ ನಾನೇನು ಹೇಳಿಕೊಡುವುದು ಅಂದುಕೊಂಡಿದ್ದೆ. ಒಂದು ದಿನ ಹಾಲು ಕಾಯಿಸುತ್ತೇನೆ ಅಂತ ಗ್ಯಾಸ್ ತಿರುಗಿಸಿ, ಕಡ್ಡಿ ಗೀರುವುದು ಮರೆತು, ಹಜಾರಕ್ಕೆ ಬಂದು ಕೂತಿದ್ದರು. ಅಂದಿನಿಂದ ಸಿಲಿಂಡರಿನ ರೆಗ್ಯುಲೇಟರ್ ಪ್ರತಿ ಸಲ ಬಂದ್. ಪ್ರತಿ ಸಲ ಅಂದರೆ ಪ್ರತಿ ಸಲ.

ಕೈಗಳು

ಈ ಭಾಗವನ್ನು ನಿಧಾನವಾಗಿ ಓದು.

ಹೆಸರು ಮರೆಯುವ ಮಿದುಳಿನಲ್ಲಿ ಕೈಯ ಕಸುಬು ಬೇರೆ ಕಪಾಟಿನಲ್ಲಿರುತ್ತದಂತೆ, ಅದಕ್ಕೆ ಗೆದ್ದಲು ತಡವಾಗಿ ಹತ್ತುತ್ತದೆ. ಗಾಂಧಿ ಬಜಾರಿನಿಂದ ಎರಡು ಕೆಜಿ ನಟ್ಟು ಬೋಲ್ಟು ತಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಟಿವಿ ಕೆಳಗಿದೆ. ಸಂಜೆ ಐದಕ್ಕೆ ಅದನ್ನು ತೆಗೆ. ಐದಕ್ಕೇ ಯಾಕೆಂದರೆ ಹೊತ್ತು ಇಳಿಯುತ್ತಿದ್ದಂತೆ ಅಪ್ಪನ ಮನಸ್ಸು ಚಡಪಡಿಸತೊಡಗುತ್ತದೆ. 'ಮನೆಗೆ ಹೋಗೋಣ' ಅನ್ನುತ್ತಾರೆ. ಇದೇ ಮನೆ ಅನ್ನಬೇಡ. ಕತ್ತಲಾಗುವ ಮೊದಲೇ ಎಲ್ಲ ದೀಪ ಹಾಕು, ರೇಡಿಯೋ ಹಾಕು. ಆಕಾಶವಾಣಿ ಭದ್ರಾವತಿ ಅನ್ನುವ ಎರಡು ಮಾತು ಕೇಳಿದರೆ ಸಾಕು, ಮನೆಗೆ ಬಂದ ಹಾಗೇ. 1965ರಲ್ಲಿ ಆ ನಿಲಯ ಶುರುವಾದಾಗ ಅಪ್ಪನಿಗೆ ಇಪ್ಪತ್ತೊಂದು.

ಹಾಸಿದ ಹಳೇ ಬೆಡ್‌ಶೀಟಿನ ಮೇಲೆ ಡಬ್ಬಿ ಸುರಿ. 'ಅಪ್ಪ, ಸ್ಟೋರಿನವರು ಎಲ್ಲ ಕಲಸಿಬಿಟ್ಟಿದ್ದಾರೆ' ಅನ್ನು. ಬೈದುಕೊಳ್ಳುತ್ತಾ ಕನ್ನಡಕ ಏರಿಸುತ್ತಾರೆ. ಆಮೇಲೆ ನೋಡು. ಒಂದು ಬೋಲ್ಟನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಅರ್ಧ ಸುತ್ತು ತಿರುಗಿಸುತ್ತಾರೆ. ಕಣ್ಣು ಎಲ್ಲೋ ಇರುತ್ತದೆ. ಬೆರಳ ತುದಿ ಮರೆಯನ್ನು ಓದುತ್ತದೆ. 'ಹತ್ತು' ಅಂತ ಈ ಕಡೆ, 'ಹನ್ನೆರಡು' ಅಂತ ಆ ಕಡೆ. ಮರೆ ಹಾಳಾದದ್ದನ್ನು ಉಗುರಿನಲ್ಲಿ ಗೀರಿ ದೂರ ಎಸೆಯುತ್ತಾರೆ. ನಾನು ಆಮೇಲೆ ಕ್ಯಾಲಿಪರ್ ಇಟ್ಟು ಅಳೆದು ನೋಡಿದ್ದೇನೆ. ಒಂದೂ ತಪ್ಪಿಲ್ಲ. ನನ್ನ ಹೆಸರು ಗೊತ್ತಿಲ್ಲದ ಬೆರಳುಗಳಿಗೆ ಎರಡು ಮಿಲಿಮೀಟರಿನ ವ್ಯತ್ಯಾಸ ಗೊತ್ತು ಅಂತ ಮೊದಮೊದಲು ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಪಕ್ಕದಲ್ಲಿ ಕೂತು ನಟ್ಟು ಹಾಕಿಕೊಡುತ್ತೇನೆ. 'ಪರವಾಗಿಲ್ಲ, ಕಲೀತಿದ್ದೀಯ' ಅಂತ ಒಂದು ದಿನ ಅಂದರು.

ರಾತ್ರಿ ಅಪ್ಪ ಮಲಗಿದ ಮೇಲೆ ಎಲ್ಲವನ್ನೂ ಮತ್ತೆ ಕಲಸಿ ಡಬ್ಬಿಗೆ ಹಾಕಿಡು. ಇದು ನಿನಗೆ ಕಷ್ಟವಾಗುತ್ತದೆ.

ಮಂಜೂರಾದ ಸುಳ್ಳುಗಳು

'ನಿಮ್ಮಮ್ಮ ಎಲ್ಲಿ?' ಅಂದರೆ ತೀರ್ಥಹಳ್ಳಿಗೆ ತವರಿಗೆ ಹೋಗಿದ್ದಾಳೆ. ಯಾಕೆ? ಎಳ್ಳಮಾವಾಸ್ಯೆ ಜಾತ್ರೆ. ಆಷಾಢದಲ್ಲಿ ಕೇಳಿದರೂ ಎಳ್ಳಮಾವಾಸ್ಯೆಯೇ, ಅಪ್ಪ ತಿಂಗಳು ನೋಡುವುದಿಲ್ಲ. ಯಾವಾಗ ಬರ್ತಾಳೆ? ನಾಳೆ. 'ಬಸ್ಸು ಸಿಗಲಿಲ್ಲವೇನೋ' ಅಂತ ಅವರೇ ಸಮಾಧಾನ ಮಾಡಿಕೊಳ್ಳುತ್ತಾರೆ.

ಸತ್ಯವಂತೆಯಾಗಿ ಒಂದೇ ದಿನ ಮೂರು ಸಲ ನಿಜ ಹೇಳಿದ್ದೆ. ಮೂರು ಸಲವೂ ಆಗಷ್ಟೇ ಫೋನು ಬಂದವರ ಹಾಗೆ ಅತ್ತರು. ಮೂರನೇ ಸಲ 'ಮಕ್ಕಳಿಗೆ ಹೇಳಿದ್ರಾ?' ಅಂತ ನನ್ನನ್ನೇ ಕೇಳಿದರು.

ನನ್ನನ್ನು ಕೆಲವೊಮ್ಮೆ 'ಸಿಸ್ಟರ್' ಅನ್ನುತ್ತಾರೆ, ಕಾರ್ಖಾನೆ ಆಸ್ಪತ್ರೆಯ ನರ್ಸ್ ಅಂದುಕೊಂಡು. ನಾಳೆ ಡ್ಯೂಟಿಗೆ ಹೋಗಲು ಫಿಟ್ನೆಸ್ ಸರ್ಟಿಫಿಕೇಟ್ ಕೊಡಿ ಅನ್ನುತ್ತಾರೆ. ಕೊಡುತ್ತೇನೆ. ಕ್ಯಾಲೆಂಡರಿನ ಹಿಂಭಾಗದಲ್ಲಿ ಬರೆದು ಕೊಟ್ಟ ಹನ್ನೊಂದು ಸರ್ಟಿಫಿಕೇಟ್ ದಿಂಬಿನ ಕೆಳಗಿವೆ.

ಯಂತ್ರ ಕಾಣೆಯಾದಲ್ಲಿ

2022ರಲ್ಲಿ ಆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಹಾಲು ತರಲು ಗೇಟು ತೆಗೆದಿಟ್ಟು ಹೋಗಿದ್ದೆ. ಅಪ್ಪ ಬಸ್ ಸ್ಟ್ಯಾಂಡಿನ ತನಕ ನಡೆದು ಭದ್ರಾವತಿ ಬಸ್ಸು ಹತ್ತಿದ್ದರು. ನಾವು ಇಲ್ಲಿ ತುಂಗಾ ಸೇತುವೆ, ಕೋಟೆ ಆಂಜನೇಯನ ಗುಡಿ, ರೈಲ್ವೆ ಸ್ಟೇಷನ್ ಎಲ್ಲ ಹುಡುಕುತ್ತಿದ್ದೆವು. ಅಪ್ಪ ಕಾರ್ಖಾನೆಯ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತು, ಸೆಕ್ಯೂರಿಟಿ ಹುಡುಗ ಕೊಟ್ಟ ಟೀ ಕುಡಿಯುತ್ತಾ, ಲೇಟಾಗಿದ್ದಕ್ಕೆ ಅರ್ಧ ದಿನ ರಜೆ ಹಾಕಿಕೊಳ್ಳಿ ಅಂತ ಅವನನ್ನು ಒಪ್ಪಿಸುತ್ತಿದ್ದರು. ಆ ಹುಡುಗನ ಅಪ್ಪನೂ ಅಲ್ಲೇ ದುಡಿದವರಂತೆ. 'ಬಿಡಿ ಮೇಡಂ, ತಿಂಗಳಿಗೊಬ್ರು ಇಬ್ರು ಹೀಗೆ ಬರ್ತಾರೆ' ಅಂದ.

ಅನಂತ್ ನಾಗ್ ಮಾಡಿದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ 2016ರಲ್ಲಿ ಬಂದಾಗ ಎಲ್ಲರೂ ಕೂತು ಅತ್ತೆವಲ್ಲ, ಆ ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆ. ಪೊಲೀಸ್ ಠಾಣೆಯಲ್ಲಿ ಕೇಳುವುದೂ ಅದನ್ನೇ. ಇವತ್ತು ಯಾವ ಬಣ್ಣದ ಶರಟು ಹಾಕಿದ್ದಾರೆ ಅಂದಾಗ ನನಗೆ ಬಾಯಿ ಕಟ್ಟಿತು. ಆದ್ದರಿಂದ ದಿನಾ ಬೆಳಿಗ್ಗೆ ಶರಟು ಹಾಕಿದ ಮೇಲೆ ಫೋನಿನಲ್ಲಿ ಒಂದು ಫೋಟೋ ತೆಗೆ. ಕಾಲರಿನ ಒಳಗೆ ನನ್ನ ನಂಬರ್ ಹೊಲಿದಿದ್ದೇನೆ, ನಿನ್ನದನ್ನೂ ಹೊಲಿಯುತ್ತೇನೆ. ಹುಡುಕುವುದಾದರೆ ಮೊದಲು ಭದ್ರಾವತಿ ಬಸ್ಸು.

ಬಂದು ಹೋಗುವವರು

ನೆಂಟರು ಬರುತ್ತಾರೆ. ಬಾಗಿಲಲ್ಲೇ ತಡೆದು ಒಂದು ಮಾತು ಹೇಳು: 'ನಾನ್ಯಾರು ಹೇಳಿ ನೋಡೋಣ?' ಅಂತ ಕೇಳಬಾರದು. ಅದೇನು ಆಸೆಯೋ ಗೊತ್ತಿಲ್ಲ, ಚಪ್ಪಲಿ ಬಿಡುವ ಮೊದಲೇ ಪರೀಕ್ಷೆ ಶುರು. ಅಪ್ಪ ಫೇಲಾದಾಗ ಚ್ಚುಚ್ಚು ಅನ್ನುತ್ತಾರೆ, ಅಪ್ಪನ ಎದುರಿಗೇ. ಹೆಸರು ಗೊತ್ತಾಗದಿದ್ದರೂ ಚ್ಚುಚ್ಚು ಗೊತ್ತಾಗುತ್ತದೆ. ಬಂದವರು ತಮ್ಮ ಹೆಸರು ತಾವೇ ಹೇಳಿಕೊಂಡು, ಕೈ ಹಿಡಿದುಕೊಂಡು ಕೂತರೆ ಕಾಫಿ ಕೊಡು. ಬಾದಾಮಿ ನೆನೆಸಿ ಕೊಡ್ತಿದ್ದೀರಾ ಅಂದವರಿಗೆ ಕಾಫಿ ಬೇಡ.

ಸರ್ವಿಸ್

ರಾತ್ರಿ ಊಟವಾದ ಮೇಲೆ ಡೊನೆಪೆಜಿಲ್ ಒಂದು. ಇದು ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಮಾಡುತ್ತದೆ, ವಾಸಿ ಮಾಡುವುದಿಲ್ಲ. ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿಸಿದ್ದರು, ಬಿ12 ಕಡಿಮೆಯಾದರೂ ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ, ಅದನ್ನು ಸರಿ ಮಾಡಬಹುದು ಅಂತ. ಅಪ್ಪನಿಗೆ ಬಿ12 ಕಡಿಮೆಯೇ ಇತ್ತು. ಇಂಜೆಕ್ಷನ್ ಆಯಿತು, ನಾನು ದೇವರಿಗೆ ಕಾಯಿ ಒಡೆದೆ. ಆದರೆ ಬರೀ ಅದಷ್ಟೇ ಆಗಿರಲಿಲ್ಲ.

ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲ ಹೆಚ್ಚಾದರೆ, ಇಲ್ಲದವರು ಕಾಣತೊಡಗಿದರೆ, ಅಥವಾ ಇಡೀ ದಿನ ಮಂಕಾಗಿ ಮಲಗಿದರೆ, ಕಾಯಿಲೆ ಜಾಸ್ತಿಯಾಯಿತು ಅಂತ ಸುಮ್ಮನಿರಬೇಡ. ಮೂತ್ರದ ಸೋಂಕೋ, ಮಲಬದ್ಧತೆಯೋ, ನೀರು ಕಡಿಮೆಯಾದದ್ದೋ ಇರಬಹುದು. ಆ ದಿನವೇ ಡಾಕ್ಟರ ಹತ್ತಿರ ಹೋಗು. ರಾತ್ರಿ ಹೊತ್ತಲ್ಲಿ ನಿನಗೆ ತಲೆ ಕೆಟ್ಟರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ಸಹಾಯವಾಣಿ 14567. ಎರಡನ್ನೂ ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದೇನೆ.

ಮನಸ್ಸಿನ ಡಾಕ್ಟರ ಹತ್ತಿರ ಹೋಗಲು ನಾಚಿಕೆ ಬೇಡ. ಈ ಊರಿನಲ್ಲಿ ಡಾ. ಕೆ.ಎ. ಅಶೋಕ್ ಪೈ ಅಂಥವರು ವರ್ಷಾನುಗಟ್ಟಲೆ ಕನ್ನಡದಲ್ಲಿ ಬರೆದು, ಸಿನಿಮಾ ಮಾಡಿಸಿ ಆ ನಾಚಿಕೆಯನ್ನು ಅರ್ಧ ಇಳಿಸಿದ್ದಾರೆ. ಅವರು 2016ರಲ್ಲಿ ತೀರಿಕೊಂಡರು, ಉಳಿದರ್ಧ ಹಾಗೇ ಇದೆ. ನನಗೆ ಬೇಕಿರುವುದು ಇನ್ನೊಂದು: ಬೆಳಿಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವಂಥ ಜಾಗ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನಂಥವರು ಡಿಮೆನ್ಷಿಯಾ ಇರುವವರಿಗೆಂದೇ ಕೇಂದ್ರ ನಡೆಸುತ್ತಾರೆ. ಇಲ್ಲಿ ಮಕ್ಕಳನ್ನು ಬಿಡುವ ಜಾಗ ಬೀದಿಗೊಂದಿದೆ, ನಮ್ಮಂಥವರು ಅಪ್ಪನನ್ನು ಎಲ್ಲಿ ಬಿಡಬೇಕು? ವಿಮಾನ ನಿಲ್ದಾಣ ಬಂತು, ಸಂತೋಷ. ಅಪ್ಪ ಹತ್ತುವುದು ಭದ್ರಾವತಿ ಬಸ್ಸೇ.

ಬದುಕಿದ್ದಾರೆಂಬ ಪ್ರಮಾಣ

ಪೆನ್ಷನ್ನಿಗೆ ವರ್ಷಕ್ಕೊಮ್ಮೆ ಜೀವನ್ ಪ್ರಮಾಣ್ ಕೊಡಬೇಕು. ಬೆರಳಚ್ಚು ಹಿಡಿಯುವುದಿಲ್ಲ, ಮೂವತ್ತೆಂಟು ವರ್ಷ ಕಬ್ಬಿಣ ತಿಕ್ಕಿ ಗೆರೆ ಸವೆದಿದೆ. ಮುಖ ತೋರಿಸುವ ಆ್ಯಪ್ ಇದೆ, ಅದು ಕಣ್ಣು ಮಿಟುಕಿಸಿ ಅನ್ನುತ್ತದೆ. ಮಿಟುಕಿಸಿ ಅಪ್ಪ ಅಂದರೆ ನನ್ನನ್ನು ಕೆಕ್ಕರಿಸಿ ನೋಡಿ, 'ಹೆಂಗಸರ ಎದುರು ಕಣ್ಣು ಮಿಟುಕಿಸೋ ಜಾತಿ ಅಲ್ಲ ನಾನು' ಅಂದರು. ಕೋಪದಲ್ಲಿ ರೆಪ್ಪೆ ಬಡಿಯಿತು. ಬದುಕಿದ್ದಾರೆ ಅಂತ ಆ್ಯಪ್ ಒಪ್ಪಿತು.

ಆಪರೇಟರ್

ಯಾವ ಯಂತ್ರದ ಪುಸ್ತಕದಲ್ಲೂ ಆಪರೇಟರ್ ಬಗ್ಗೆ ಒಂದು ಪುಟ ಇರುವುದಿಲ್ಲ. ಇದರಲ್ಲಿ ಅರ್ಧ ಪುಟ ಬರೆಯುತ್ತೇನೆ.

ಯೂನಿಯನ್ನಿನಲ್ಲಿದ್ದಾಗ ಅಪ್ಪ 1948ರ ಫ್ಯಾಕ್ಟರಿ ಕಾಯ್ದೆಯನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ದಿನಕ್ಕೆ 9 ಗಂಟೆಗಿಂತ ಹೆಚ್ಚಿಲ್ಲ, ವಾರಕ್ಕೆ 48 ಗಂಟೆಗಿಂತ ಹೆಚ್ಚಿಲ್ಲ, ವಾರಕ್ಕೊಂದು ರಜೆ, ಮೇಲೆ ದುಡಿದರೆ ದುಪ್ಪಟ್ಟು ಕೂಲಿ. ವಾರಕ್ಕೆ ಇರುವುದು 168 ಗಂಟೆ. ನನ್ನ ಪಾಲಿನ ಓಟಿ ಲೆಕ್ಕ ಹಾಕಿ ನಿನಗೆ ಬಿಲ್ ಕಳಿಸಬೇಕು ಅಂತ ಒಂದು ರಾತ್ರಿ ಕೂತು ಕೂಡಿಸಿದೆ, ನಿದ್ದೆ ಬಂತು. ನಿನ್ನ ಭಾವ ಒಳ್ಳೆಯವರು, ಶೇವಿಂಗ್ ಮಾಡಿಸುತ್ತಾರೆ, ಭಾನುವಾರ ವಾಕಿಂಗ್ ಕರೆದುಕೊಂಡು ಹೋಗುತ್ತಾರೆ. 'ಸಹಾಯ' ಮಾಡುತ್ತಾರೆ. ಆ ಪದದಲ್ಲೇ ಕೆಲಸ ಯಾರದು ಅಂತ ತೀರ್ಮಾನವಾಗಿದೆ. ನೀನು ತಿಂಗಳು ತಿಂಗಳು ದುಡ್ಡು ಕಳಿಸುತ್ತೀಯ, ಇಲ್ಲ ಅನ್ನುವುದಿಲ್ಲ. ರಾತ್ರಿ ಎರಡಕ್ಕೆ ಒದ್ದೆಯಾದ ಹಾಸಿಗೆಯನ್ನು ಆ ದುಡ್ಡು ಎದ್ದು ಬದಲಾಯಿಸುವುದಿಲ್ಲ.

ಇನ್ನೊಂದು. ಹೋದ ಮಳೆಗಾಲದ ಒಂದು ರಾತ್ರಿ, ಮೂರನೇ ಸಲ ಬೆಡ್‌ಶೀಟ್ ಬದಲಾಯಿಸುವಾಗ ಅಪ್ಪ ನನ್ನ ಕೈ ತಳ್ಳಿದರು. ನಾನು ಕೈ ಎತ್ತಿದೆ. ಬೀಳಲಿಲ್ಲ, ಎತ್ತಿದ ಕೈ ಹಾಗೇ ನಿಂತಿತು. ಅಪ್ಪ ಎರಡೂ ತೋಳು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಕೂತೆ. ಬೆಳಿಗ್ಗೆ ಅಪ್ಪನಿಗೆ ಏನೂ ನೆನಪಿರಲಿಲ್ಲ. ಗುಮಾಸ್ತ ಬರೆದಿರಲಿಲ್ಲ. ನನ್ನ ಲಾಗ್ ಬುಕ್ಕಿನಲ್ಲಿದೆ. ನಿನಗೂ ಅಂಥ ರಾತ್ರಿ ಬರಬಹುದು. ಬಂದರೆ ಅಪ್ಪನನ್ನು ಹಾಸಿಗೆಯಲ್ಲೇ ಬಿಟ್ಟು ಐದು ನಿಮಿಷ ಹೊರಗೆ ಹೋಗಿ ನಿಂತುಕೋ. ಒದ್ದೆ ಬೆಡ್‌ಶೀಟಿನಲ್ಲಿ ಐದು ನಿಮಿಷ ಮಲಗಿದರೆ ಯಾರಿಗೂ ಏನೂ ಆಗುವುದಿಲ್ಲ.

ಚಾರ್ಜ್ ಹಸ್ತಾಂತರ

ಇಲ್ಲಿಗೆ ಮುಗಿಸಿ, ಡೈರಿಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋಗಿದ್ದೆ. ಬಂದು ನೋಡಿದರೆ ಅಪ್ಪ ಕನ್ನಡಕ ಹಾಕಿಕೊಂಡು ಓದುತ್ತಿದ್ದಾರೆ. ಬೆರಳಿಟ್ಟು, ಸಾಲು ಸಾಲಾಗಿ, ಲಾಗ್ ಬುಕ್ ನೋಡುವ ಹಾಗೆ. ನನ್ನ ಎದೆ ಧಸಕ್ಕೆಂದಿತು.

'ಯಾವ ಶಾಪಿನ ಮೆಷಿನ್ ಇದು?' ಅಂದರು.

'ಹಳೇದು ಅಪ್ಪ.'

'ಬರೆದಿದ್ದು ಚೆನ್ನಾಗಿದೆ. ಆದ್ರೆ ಹಳೇ ಮೆಷಿನ್‌ಗೆ ಒಬ್ಬ ಆಪರೇಟರ್ ಸಾಲಲ್ಲ. ಹೆಲ್ಪರ್ ಕೊಡಬೇಕು. ಯಾರು ನೋಡ್ಕೋತಿರೋದು?'

'ನಾನೇ.'

'ಎಷ್ಟು ದಿನದಿಂದ?'

'ಆರು ವರ್ಷ.'

ಕನ್ನಡಕದ ಮೇಲಿಂದ ನೋಡಿದರು. 'ರಜೆ?'

ನಾನು ಮಾತಾಡಲಿಲ್ಲ. ಅಪ್ಪ ಕೊನೆಯ ಹಾಳೆ ತಿರುವಿ, ಜೇಬಿನಿಂದ ಪೆನ್ನು ತೆಗೆದು, ಸಹಿಯ ಜಾಗದ ತನಕ ಒಯ್ದು ನಿಲ್ಲಿಸಿದರು.

'ರಿಲೀವರ್ ಹೆಸರು ಖಾಲಿ ಬಿಟ್ಟಿದ್ದೀರಲ್ಲ ಸಿಸ್ಟರ್. ಹೆಸರು ಬರೀದೆ ನಾನು ಸೈನ್ ಹಾಕಲ್ಲ.'

ಪೆನ್ನು ಇಸಕೊಂಡು ನಿನ್ನ ಹೆಸರು ಬರೆದೆ. ಅಪ್ಪ ಓದಿದರು. ಮತ್ತೊಮ್ಮೆ ಓದಿದರು.

'ಈ ಹುಡುಗ ಗೊತ್ತು ನನಗೆ' ಅಂದರು. 'ಪುಸ್ತಕ ಓದಲ್ಲ ಇವನು. ಮಿಕ್ಸಿ ಸುಟ್ಟವನು.'

ಆಮೇಲೆ ಸಹಿ ಹಾಕಿದರು. ಕೆಳಗೆ ತಾರೀಖು ಬರೆದರು: 14-8-1986.